ಗೀಜಗ ಕಲಿಯದ ಗಂಟು

ಗೂಡು ಹೆಣೆಯುವ ಪಾಠಕ್ಕೆ ಹೊಸದಾಗಿ ಸೇರಿದ್ದ ಗೀಜಗವೊಂದಕ್ಕೆ ಸಹಪಾಠಿಯ ಗೂಡು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಸಹಪಾಠಿ ಹುಲ್ಲು ತರಲು ಹೋದ ಸಮಯ ನೋಡಿ, ಗೂಡನ್ನು ಬೀಳಿಸಲೆಂದು ಮೇಲಿನ ಗಂಟನ್ನು ಕೊಕ್ಕಿನಿಂದ ಜಗ್ಗಿತು. ಗಂಟು ಸಡಿಲಲಿಲ್ಲ. ಅಷ್ಟರಲ್ಲಿ ಸಹಪಾಠಿ ಮರಳಿತು.

"ಗಂಟು ನೋಡುತ್ತಿದ್ದೀಯಾ? ನನಗೂ ಮೊದಲು ಬರುತ್ತಿರಲಿಲ್ಲ. ನಾಚಿಕೆ ಬಿಟ್ಟು ಗುರುಗಳನ್ನು ಕೇಳಿ ಕೇಳಿ ಕಲಿತೆ. ಹೇಳಿಕೊಡಲೇ?" ಎಂದಿತು.

"ನನಗೆಲ್ಲ ಗೊತ್ತು," ಎಂದು ಗೀಜಗ ಹಾರಿಹೋಯಿತು.

ಸಂಜೆಯ ಗಾಳಿಗೆ ಅದರ ಗೂಡು ಕಳಚಿ ಹಳ್ಳಕ್ಕೆ ಬಿತ್ತು. ಪಕ್ಕದ ಕೊಂಬೆಯಲ್ಲಿ ಸಹಪಾಠಿಯ ಗೂಡು ಹಾಯಾಗಿ ತೂಗುತ್ತಿತ್ತು. ಗೀಜಗ ಅದನ್ನೇ ಬಹಳ ಹೊತ್ತು ದಿಟ್ಟಿಸಿತು. ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ. ಆದರೂ ಒಂದೆಳೆ ಹುಲ್ಲು ತಂದು ಸಹಪಾಠಿಯ ಮುಂದಿಟ್ಟು, "ನನಗೆ ಬರುವುದಿಲ್ಲ, ಹೇಳಿಕೊಡು," ಎಂದಿತು.