ಸ್ನಾನಘಟ್ಟದ ದಪ್ಪಕ್ಷರ

ಹೊಳೆದಂಡೆಯ ಆಶ್ರಮದಲ್ಲಿ ಈರಯ್ಯನವರು ಅಕ್ಷರ ಬರೆಯುವುದನ್ನು ಕಲಿಸುತ್ತಿದ್ದರು. ಹಲಗೆಗೆ, ಗೋಡೆಗೆ, ದೂರದಿಂದ ಓದುವಂಥ ದೊಡ್ಡ ಅಕ್ಷರ. ಅಂದಾನಪ್ಪ ಒಂಬತ್ತು ವರ್ಷದಿಂದ ಅವರ ಬಳಿ ಇದ್ದ. ಅಂಚು ಕೆಡದಂತೆ ಅಷ್ಟು ದಪ್ಪವಾಗಿ ಬರೆಯುವವರು ಸುತ್ತ ಯಾರೂ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಆ ವರ್ಷ ನೆರೆ ಇಳಿದ ಮೇಲೆ ಸ್ನಾನಘಟ್ಟದ ಕೆಳಗೆ ಸುಳಿ ಬಿತ್ತು. ಮೇಲಿಂದ ನೋಡಿದರೆ ನೀರು ಸುಮ್ಮನೆ ನಿಂತಂತೆ ಕಾಣುತ್ತಿತ್ತು. ಈಜು ಬಲ್ಲವನೊಬ್ಬ ಅಲ್ಲಿ ಇಳಿದವನು ಮತ್ತೆ ಮೇಲೆ ಬರಲಿಲ್ಲ.

"ಒಂದು ಹಲಗೆ ಬರೆ. ದಿಬ್ಬದ ಮೇಲಿನಿಂದಲೇ ಓದುವಂತಿರಲಿ" ಎಂದರು ಗುರುಗಳು.

ಸಿಕ್ಕ ಹಲಗೆಗೆ ಅಗಲ ಸಾಲದು. ಅಂದಾನಪ್ಪ ಅಕ್ಷರಗಳನ್ನು ಉದ್ದಕ್ಕೆ ಎಳೆದು ಒತ್ತೊತ್ತಾಗಿ ನಿಲ್ಲಿಸಿದ. ತಲೆಕಟ್ಟುಗಳನ್ನು ಇಟ್ಟಿಗೆಯಂತೆ ಚೌಕ ಮಾಡಿದ. ದಪ್ಪ ಗೆರೆಯ ಮೇಲೆ ಮತ್ತೆ ಕಪ್ಪು ಬಳಿದ. 'ಸುಳಿ ಇದೆ, ಇಳಿಯಬೇಡಿ.' ಹತ್ತಿರದಿಂದ ಅದು ಕರಿಕಲ್ಲಿನ ಕಂಬಗಳ ಸಾಲಿನಂತಿತ್ತು.

ಗುರುಗಳು ಹಲಗೆಯನ್ನು ಘಟ್ಟದ ಬದಿಯ ಮರಕ್ಕೆ ಕಟ್ಟಿಸಿದರು. ಆಮೇಲೆ ಅದರ ಕೆಳಗೆ ಕಂಬಳಿ ಹಾಸಿಕೊಂಡು ಕೂತುಬಿಟ್ಟರು.

"ಹಲಗೆ ಇದೆಯಲ್ಲ ಗುರುಗಳೇ. ತಾವೇಕೆ ಇಲ್ಲಿ?"

"ಜನ ಬರುತ್ತಾರಲ್ಲ."

ಮರುದಿನ ಬೆಳಿಗ್ಗೆ ಬಟ್ಟೆಗಂಟು ಹೊತ್ತ ಹೆಂಗಸೊಬ್ಬಳು ದಿಬ್ಬ ಇಳಿದು ನೇರವಾಗಿ ನೀರಿನ ಕಡೆಗೆ ನಡೆದಳು. ಗುರುಗಳು ಕೈ ಅಡ್ಡ ಹಿಡಿದರು. "ಅಲ್ಲಿ ಸುಳಿ ಇದೆ ತಾಯಿ. ಮೇಲಿನ ಕಟ್ಟೆಗೆ ಹೋಗಿ."

ಅಂದಾನಪ್ಪನಿಗೆ ತಡೆಯಲಾಗಲಿಲ್ಲ. "ನಿಮಗೆ ಓದಲು ಬರುವುದಿಲ್ಲವೇ ಅವ್ವಾ?"

"ಬರುತ್ತದಪ್ಪಾ. ಎಲ್ಲಿ ಬರೆದಿದೆ?"

ಅವನು ಹಲಗೆ ತೋರಿಸಿದ.

"ಅದಾ? ಹುಳ ಹಿಡಿಯದಿರಲಿ ಅಂತ ಡಾಂಬರು ಬಳಿದಿದ್ದೀರಿ ಅಂದುಕೊಂಡೆ" ಎಂದು ಅವಳು ಗಂಟು ಸರಿಪಡಿಸಿಕೊಂಡು ಹೋದಳು.

ಅಂದಾನಪ್ಪ ದಿಬ್ಬ ಹತ್ತಿ ತಿರುಗಿ ನೋಡಿದ. 'ಳ' ಇಲ್ಲ, 'ಡ' ಇಲ್ಲ. ಬರೀ ಕಪ್ಪು. ಗುರುಗಳು ಅಲ್ಲಿ ಕೂತಿರದಿದ್ದರೆ ಅವಳು ಸುಳಿಗೆ ಇಳಿದುಬಿಡುತ್ತಿದ್ದಳು.

ಕೆಳಗೆ ಬಂದು ಕೇಳಿದ: "ತಮಗೆ ನಿನ್ನೆಯೇ ಗೊತ್ತಿತ್ತೇ?"

"ಗೊತ್ತಿತ್ತು."

"ಒಂದು ಮಾತು ಹೇಳಬಹುದಿತ್ತಲ್ಲ."

"ಹೇಳಿದ್ದರೆ ನೀನು ನನ್ನ ಮಾತಿಗೆ ತಿದ್ದುತ್ತಿದ್ದೆ. ಆ ತಾಯಿಯ ಕಣ್ಣಿಗಲ್ಲ."

ಅಂದಾನಪ್ಪ ಹಲಗೆ ಬಿಚ್ಚಿ ಒಯ್ದ. ಚೂರಿಯಿಂದ ಒಂದೊಂದೇ ಅಕ್ಷರದ ಹೊಟ್ಟೆ ಕೆರೆದು ಮರದ ಬಿಳುಪು ತೆರೆದ. ತಾನು ಮೆಚ್ಚಿ ಬಳಿದ ಗೆರೆಗಳನ್ನೇ ಕಡಿಯಬೇಕಾಯಿತು. ಕೆರೆಯುವುದು, ದಿಬ್ಬಕ್ಕೆ ಒಯ್ದು ನೋಡುವುದು, ಮತ್ತೆ ಕೆರೆಯುವುದು. ಅಕ್ಷರಗಳು ದಪ್ಪವಾಗಿಯೇ ಉಳಿದವು, ಒತ್ತಾಗಿಯೇ ನಿಂತವು. ಆದರೆ ಒಳಗೆ ಈಗ ಗಾಳಿಯಾಡುವಷ್ಟು ಜಾಗವಿತ್ತು.

ಎರಡು ದಿನ ಹಿಡಿಯಿತು. ಎರಡು ದಿನವೂ ಗುರುಗಳು ಅಲ್ಲೇ ಕೂತು ಬಂದವರನ್ನೆಲ್ಲ ಬಾಯಿಮಾತಿನಲ್ಲಿ ತಿರುಗಿಸಿ ಕಳಿಸಿದರು.

ಹಲಗೆಯನ್ನು ಮತ್ತೆ ಕಟ್ಟಿದ ಬೆಳಿಗ್ಗೆ ಒಬ್ಬಾತ ಎಮ್ಮೆಗಳನ್ನು ಹೊಡೆದುಕೊಂಡು ದಿಬ್ಬದ ಮೇಲೆ ಬಂದ. ತಲೆ ಎತ್ತಿದ. ಅಲ್ಲಿಂದಲೇ ಎಮ್ಮೆಗಳನ್ನು ಮೇಲಿನ ಕಟ್ಟೆಯ ಕಡೆ ತಿರುಗಿಸಿಕೊಂಡು ಹೊರಟುಹೋದ.

ಅಂದಾನಪ್ಪ ಅವನು ಹೋದ ದಾರಿಯನ್ನೇ ನೋಡುತ್ತಿದ್ದ. "ಒಂದು ಗಳಿಗೆ ನಿಲ್ಲಲೂ ಇಲ್ಲ ಗುರುಗಳೇ. ಅಕ್ಷರ ಹೇಗಿದೆ ಎಂದು ಅವನು ನೋಡಲೇ ಇಲ್ಲ."

ಗುರುಗಳು ಕಂಬಳಿ ಕೊಡವಿ ಮಡಿಚಿದರು.

"ಹಾಗಾದರೆ ನಾನಿನ್ನು ಏಳಬಹುದು."