ಮೂರು ಸಪ್ಪಳ, ಒಂದು ಜಾಗ

ಹೊಳೆಯ ದಂಡೆಯಲ್ಲೊಂದು ಮಠ. ಮಠಕ್ಕೊಬ್ಬರು ಅಜ್ಜ. ಅಜ್ಜನಿಗೊಬ್ಬ ಶಿಷ್ಯ, ಗದಿಗೆಪ್ಪ. ಶಿಷ್ಯನಿಗೊಂದು ಫೋನು.

ದಾರಿ ತಪ್ಪಿದ ಭಕ್ತರನ್ನು ಮಠಕ್ಕೆ ತಲುಪಿಸುವುದು, ಸಿಲಿಂಡರ್ ಗಾಡಿ ಎಲ್ಲಿಗೆ ಬಂತೆಂದು ನೋಡುವುದು, ಎಲ್ಲ ಅದರದೇ ಕೆಲಸ. ಅದರ ನಕ್ಷೆಯೊಳಗಿನ ನೀಲಿ ಚುಕ್ಕೆಯನ್ನು ಗದಿಗೆಪ್ಪ ಆಗಾಗ ನೋಡುತ್ತಿದ್ದ, ತಾನು ಮಠದಲ್ಲೇ ಇದ್ದೇನೆಂದು ಖಾತ್ರಿ ಮಾಡಿಕೊಳ್ಳುವವನಂತೆ.

ಒಂದು ಬೆಳಿಗ್ಗೆ ಗಂಟು ಕಟ್ಟಿಕೊಂಡು ಅಜ್ಜನೆದುರು ನಿಂತ. ಆಚೆ ಊರಿನ ಮಠಕ್ಕೆ ಗುರು ಬೇಕಾಗಿದ್ದರು, ಗದಿಗೆಪ್ಪನೇ ಬರಲೆಂದು ಅಲ್ಲಿಯವರು ಹೇಳಿ ಕಳಿಸಿದ್ದರು. ಹರಿಗೋಲು ಕಾಯುತ್ತಿತ್ತು. ಅಜ್ಜ ನೀರಿನಂಚಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಹನ್ನೊಂದು ವರ್ಷಾತು ಅಜ್ಜಾ. ಹೊತ್ತು ಹುಟ್ಟೂದ್ರಾಗ ಹತ್ತು ಸಾವಿರ ಜಪ ಮುಗಸ್ತೀನಿ. ನಾ ಎಲ್ಲಿಗೆ ಬಂದೀನಿ ಅಂತ ಒಂದ್ ಮಾತು ಹೇಳಿಲ್ಲ ನೀವು. ಮ್ಯಾಲಿನ ಉಪಗ್ರಹ ನೋಡ್ರಿ, ಫೋನು ಕೇಳಿದ ಕೂಡ್ಲೇ ಹೇಳ್ತಾವ.”

“ಅವು ಏನೂ ಹೇಳೂದಿಲ್ಲ. ನೀ ಅದೀ ಅನ್ನೂದ ಅವಕ್ಕ ಗೊತ್ತಿಲ್ಲ.”

ಪೇಟೆಗೆ ಮಿರ್ಚಿ ತಿನ್ನಲು ಕದ್ದು ಹೋಗುವಾಗೆಲ್ಲ, ಮೇಲಿನವು ನೋಡಿಯಾವೆಂದು ಫೋನನ್ನು ಅಕ್ಕಿಚೀಲದಲ್ಲಿ ಹುಗಿದಿಟ್ಟು ಹೋಗುತ್ತಿದ್ದವನು ಗದಿಗೆಪ್ಪ.

ಮಠಕ್ಕೆ ಬರುವ ಮುಂಚೆ ಅಜ್ಜ ಹೊಲ ಅಳೆಯುವ ಕೆಲಸದಲ್ಲಿದ್ದವರು. ಅವರು ಹೇಳಿದ್ದಿಷ್ಟು: ಪ್ರತಿ ಉಪಗ್ರಹವೂ ತಾನೆಲ್ಲಿದೆ, ಈಗ ಹೊತ್ತೆಷ್ಟು ಎಂಬುದನ್ನಷ್ಟೇ ಒದರುತ್ತ ಹೋಗುತ್ತದೆ. ಫೋನು ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಯಾವುದರ ಕೂಗು ಎಷ್ಟು ತಡವಾಗಿ ಬಂತೋ ಅದು ಅಷ್ಟು ದೂರ. ಮಿಕ್ಕ ಲೆಕ್ಕವೆಲ್ಲ ಫೋನಿನದೇ.

“ಬರೇ ಕೇಳಿ ಜಾಗ ಹೆಂಗ ಸಿಗತೈತಿ?”

“ನೀನ ಮಾಡಿ ನೋಡು.”

ಆಚೆ ದಡದಲ್ಲಿ ಒಬ್ಬ ಬಟ್ಟೆ ಒಗೆಯುತ್ತಿದ್ದ. ಹೊಳೆಯ ಮೇಲ್ಗಡೆ ಒಬ್ಬ ಕಟ್ಟಿಗೆ ಒಡೆಯುತ್ತಿದ್ದ, ಕೆಳಗಡೆ ಒಬ್ಬ ಕಲ್ಲು. ಮೂವರದೂ ಏಟು ಮೊದಲು ಕಾಣುತ್ತಿತ್ತು, ಸಪ್ಪಳ ಆಮೇಲೆ ಬರುತ್ತಿತ್ತು. ಅಜ್ಜ ಅವರವರ ಜಾಗ ಅಂದಾಜಿಸಿ ಮರಳಿನಲ್ಲಿ ಮೂರು ಹರಳಿಟ್ಟರು. ಏಟು ಕಂಡಾಗ ಜಪ ಶುರು ಮಾಡಬೇಕು, ಸಪ್ಪಳ ಕೇಳಿದಾಗ ನಿಲ್ಲಿಸಬೇಕು. ಅಜ್ಜ ತಮ್ಮ ಜಪದ ಲೆಕ್ಕದಲ್ಲಿ ಹೇಳಿದರು: ಅಕ್ಷರಕ್ಕೊಂದು ಗೇಣು ಹಗ್ಗ. ಹರಳನ್ನು ನಡುವಿಟ್ಟು ಅಷ್ಟು ಹಗ್ಗದಲ್ಲಿ ಸುತ್ತ ಗೆರೆ.

ಒಗೆಯುವವನ ಸಪ್ಪಳ ಒಂಬತ್ತು ಅಕ್ಷರಕ್ಕೆ ಬಂತು. ಗದಿಗೆಪ್ಪ ಗೆರೆ ಎಳೆದ. ತಾನು ಇದರ ಮೇಲೆ ಎಲ್ಲೋ ಒಂದು ಕಡೆ ಇದ್ದೇನೆಂಬುದು ಅವನಿಗೇ ಹೊಳೆಯಿತು. ಕಟ್ಟಿಗೆಯವನ ಗೆರೆ ಅದನ್ನು ಎರಡು ಕಡೆ ಕಡಿಯಿತು. ಒಂದು ಆಚೆ ದಡದಲ್ಲಿ, ಒಂದು ಈಚೆ.

“ಈಚೀದ ನಾನು,” ಎಂದು ಕುಣಿದ.

“ಅಲ್ಲಿ ನಮ್ಮ ದನದ ಕೊಟ್ಟಿಗಿ ಐತಿ,” ಎಂದರು ಅಜ್ಜ.

ಮೂರನೆಯ ಗೆರೆ ಆ ಕೊಟ್ಟಿಗೆಗೂ ಸಿಗದೆ ಬೇರೆಲ್ಲೋ ಹೋಯಿತು. ಗದಿಗೆಪ್ಪ ಕಲ್ಲೊಡೆಯುವವನ ಸುತ್ತಿಗೆ ಸರಿಯಿಲ್ಲ ಅಂದ. ಮತ್ತೆ ಎಣಿಸಿದ. ಗಾಳಿಯನ್ನು ಬೈದ. ಇನ್ನೊಮ್ಮೆ ಎಣಿಸಿದ. ಗೆರೆಗಳು ಒಂದೆಡೆ ಸೇರಲೇ ಇಲ್ಲ.

“ಎಲ್ಲಾರನ್ನೂ ಬೈದಾತು. ಈಗ ಮೂರೂ ಹಗ್ಗಾ ಒಂದ ಪಾಲಿನಂಗ ಗಿಡ್ಡ ಮಾಡ್ಕೋತ ಹೋಗು,” ಎಂದರು ಅಜ್ಜ.

ಗದಿಗೆಪ್ಪ ಮಡಚುತ್ತ ಹೋದ, ಅಳಿಸುತ್ತ ಹೋದ, ಎಳೆಯುತ್ತ ಹೋದ. ಮೂರರಲ್ಲೊಂದು ಪಾಲು ಹಗ್ಗ ಮಡಚಿದಾಗ ಮೂರೂ ಗೆರೆ ಒಂದೇ ಚುಕ್ಕೆಯಲ್ಲಿ ಬಂದು ಕೂತವು. ಈಚೆ ದಡ, ನೀರಿನಂಚು, ಅವರೆಕಾಯಿ ಸಿಪ್ಪೆ ಬಿದ್ದ ಜಾಗ.

ತಪ್ಪಿದ್ದು ಸುತ್ತಿಗೆಯಲ್ಲ, ತನ್ನ ಅವಸರದ ಜಪವೆಂದು ಗದಿಗೆಪ್ಪನಿಗೆ ಹೊಳೆಯಿತು. ಫೋನಿಗೂ ಹೀಗೇ ಆಗುತ್ತದೋ ಎಂದು ಕೇಳಿದ.

“ಅದರ ಗಡಿಯಾರನೂ ಅಗ್ಗದ್ದು,” ಎಂದರು ಅಜ್ಜ. “ಜಾಗಕ್ಕ ಮೂರು ಉಪಗ್ರಹ ಸಾಕು. ತನ್ನ ಹೊತ್ತು ಎಷ್ಟು ತಪ್ಪೈತಿ ಅಂತ ತಿಳ್ಕೊಳ್ಳಾಕ ನಾಕನೇದೊಂದು ಬೇಕು.”

ಗದಿಗೆಪ್ಪ ಕೈಯಲ್ಲಿ ಮಡಚಿ ಉಳಿದ ಹಗ್ಗವನ್ನು ನೋಡಿದ. ಆರು ಅಕ್ಷರದ ಹೊತ್ತಿನಲ್ಲಿ ಒಂಬತ್ತು. ದಿನಾ ಹತ್ತು ಸಾವಿರ. ಹನ್ನೊಂದು ವರ್ಷ.

ಹರಿಗೋಲಿನವನು ಹೊತ್ತಾಯಿತೆಂದು ಕೂಗಿದ. ಗದಿಗೆಪ್ಪ ತಲೆ ಎತ್ತದೆ, ನೀನು ಹೋಗೆಂದು ಕೈ ಮಾಡಿದ.

“ಅಜ್ಜಾ, ಹಂಗಾದ್ರ ನಾ ಎಲ್ಲಿಗೆ ಬಂದೀನಿ?”

ಅಜ್ಜ ಮಡಿಲಿನ ಸಿಪ್ಪೆ ಕೊಡವಿ, ಪಕ್ಕದಲ್ಲಿ ಜಾಗ ಮಾಡಿದರು.

“ಕುಂದ್ರು. ಜಪಾ ಒಂದ ಒಂದು ಸಲ ಅನ್ನು. ನಾ ಕೇಳ್ತೀನಿ.”