ಸಾತವ್ವನ ಈಳಿಗೆಮಣೆಯ ಒಗಟುಗಳು

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಚಂದಲೆಯ ಮೂರು ಒಗಟು ಬಿಡಿಸಿದವನಿಗೆ ಮಗಳನ್ನು ಧಾರೆಯೆರೆದು ಅರ್ಧ ರಾಜ್ಯ ಕೊಡುತ್ತೇವೆ. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆದಂಡ!" ಎಂದು ಡಂಗುರ ಬಿತ್ತು.

ತಲೆದಂಡದ ಮಾತು ಅರಸನದು, ಒಗಟುಗಳು ಮಾತ್ರ ಚಂದಲೆಯವು. ಮಗಳು ಯಾವ ಶಾಸ್ತ್ರದಿಂದ ಹೆಕ್ಕಿದಳೋ ಎಂದು ಅರಸ ಮೀಸೆ ತಿರುವಿದ. ಅವು ಬಂದದ್ದು ಅಡುಗೆಮನೆಯಿಂದ! ಹೆತ್ತವಳು ಬಾಣಂತನದಲ್ಲೇ ತೀರಿಕೊಂಡಾಗ ಚಂದಲೆಗೆ ಹಾಲೂಡಿಸಿದ ದಾದಿ ಸಾತವ್ವ, ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚುತ್ತ ಒಗಟು ಕಟ್ಟುತ್ತಿದ್ದಳು. ಮಗು ಸಿಪ್ಪೆಗಳ ನಡುವೆ ಕೂತು ಬಿಡಿಸುತ್ತಿತ್ತು. ರಾಜಪುತ್ರಿ ಸಿಪ್ಪೆಯಲ್ಲಿ ಕೂರುವುದೇ ಎಂದು ಅರಸ ಸಿಟ್ಟಾಗಿ, ಮಗುವಿಗೆ ಏಳು ತುಂಬಿದಾಗ ಸಾತವ್ವನನ್ನು ಹೊರಗಟ್ಟಿದ. ಮತ್ತೆ ಕೋಟೆಯೊಳಗೆ ಕಾಲಿಡಕೂಡದೆಂದು ಅಪ್ಪಣೆಯಾಯಿತು. ಅವಳು ಯಾವ ಊರು ಸೇರಿದಳೋ ಯಾರಿಗೂ ತಿಳಿಯದು. ಇಂದಿಗೂ ಹಸಿ ಕೊತ್ತಂಬರಿಯ ವಾಸನೆ ಬಂದರೆ ಚಂದಲೆ ಅಡುಗೆಮನೆಯತ್ತ ತಿರುಗಿ ನೋಡುತ್ತಿದ್ದಳು. ಒಗಟು ಬಲ್ಲವನು ಸಾತವ್ವನನ್ನೂ ಬಲ್ಲ ಎಂಬುದೊಂದೇ ಅವಳ ಆಸೆ.

"ಹೊಲದಲ್ಲಿ ಕೂತ ತಾತ ಶಾಲಿನ ಮೇಲೆ ಶಾಲು ಹೊದ್ದಿದ್ದಾನೆ. ಒಂದೊಂದೇ ತೆಗೆದರೆ ಬರೀ ಶಾಲು, ತಾತ ಇಲ್ಲ. ತೆಗೆದವರ ಕಣ್ಣಲ್ಲಿ ನೀರೂ ಇಲ್ಲ. ಯಾರವನು?" ಎಂದು ಚಂದಲೆ ಸಭೆಯಲ್ಲಿ ಮೊದಲ ಒಗಟು ಒಡ್ಡಿದಳು.

"ಮಾಯೆ ಕಳಚಿದ ಪರಬ್ರಹ್ಮ!" ಎಂದ ಮೊದಲು ಬಂದ ಪಂಡಿತ. ಸೆರೆಮನೆ ಸೇರಿದ. ಮಾಂಡಲಿಕನೊಬ್ಬ "ಈರುಳ್ಳಿ" ಎಂದ.

"ಕಣ್ಣೀರಿಲ್ಲ ಎಂದೆನಲ್ಲ, ಸ್ವಾಮಿ" ಎಂದು ಚಂದಲೆ ನಿಟ್ಟುಸಿರಿಟ್ಟಳು. ಅವನೂ ಸೆರೆ ಸೇರಿದ. ತನ್ನ ಹಂಬಲಕ್ಕೆ ಎರಡು ತಲೆ ಉರುಳುತ್ತವಲ್ಲಾ ಎಂದು ಅವಳಿಗೆ ಅನ್ನ ಸೇರಲಿಲ್ಲ.

ಅಮಾವಾಸ್ಯೆಗೆ ಎರಡು ದಿನವಿದೆ ಎನ್ನುವಾಗ, ತರಕಾರಿ ಬೆಳೆಯುವ ದುರುಗ ಎಂಬವನು ಕಂಬಳಿ ಹೊದ್ದು ಬಂದ.

"ಎಲೆಕೋಸು ಕಣವ್ವಾ" ಎಂದ. ಸಭೆ ಗೊಳ್ಳೆಂದಿತು. ಚಂದಲೆ ನಗಲಿಲ್ಲ, ಎರಡನೆಯದನ್ನು ಕೇಳಿದಳು.

"ಹೊಟ್ಟೆಯನ್ನು ನಾಲ್ಕಾಗಿ ಸೀಳಿ ಬೆಂಕಿಗಿಟ್ಟರೂ ಕಿರೀಟ ಬಿಡದ ರಾಜ ಯಾರು?"

"ನಮ್ಮ ವಂಶದ ಮೂಲಪುರುಷರೇ ಇರಬೇಕು" ಎಂದು ಅರಸ ಮಂತ್ರಿಯ ಕಿವಿಯಲ್ಲಿ ಉಸುರಿದ.

"ಬದನೇಕಾಯಿ, ಬುದ್ಧಿ. ಎಣ್ಣೆಗಾಯಿಗೆ ತೊಟ್ಟು ತೆಗೀಬಾರ್ದು. ತೆಗೆದ್ರೆ ಮಸಾಲೆಯೆಲ್ಲ ಬಾಣಲೆ ಪಾಲು" ಎಂದ ದುರುಗ.

ಅರಸನ ಮುಖ ಹರಳೆಣ್ಣೆ ಕುಡಿದಂತಾಯಿತು. ಚಂದಲೆ ಕೊನೆಯದನ್ನು ಕೇಳಿದಳು. "ಬಡಕಲು ತಾಯಿ ಎತ್ತಲಾಗದ ಮಗಳನ್ನು ಹೆತ್ತಳು. ಮಗಳು ದೊಡ್ಡಮನೆಯ ಅಟ್ಟ ಸೇರಿದಳು. ತಾಯಿ ಎಲ್ಲಿ?"

"ಮಗಳು ಕುಂಬಳಕಾಯಿ. ತಾಯಿ ಆ ಬಳ್ಳಿ, ಬೇಲೀಲೇ ಒಣಗ್ತಾಳೆ." ದುರುಗ ತಡೆದು ಹೇಳಿದ, "ನಮ್ಮವ್ವ ಸಾತವ್ವ ಮಾತ್ರ ಕೋಟೆಬಾಗ್ಲಲ್ಲಿ ಕೂತವ್ಳೆ. ಡಂಗುರದ ಸುದ್ದಿ ಕೇಳಿ, ನನ್ನ ಮಗಳು ಕರೀತಾವ್ಳೆ ಅಂತ ಒಂದೇ ಸಮ ಅತ್ತಳು. ಅವಳಿಗೆ ಒಳಗೆ ಬರೋ ಹಂಗಿಲ್ಲ, ನಾನು ಬಂದೆ."

ಕೊಟ್ಟ ಮಾತಿಗೆ ತಪ್ಪದ ಅರಸ ಪುರೋಹಿತರತ್ತ ತಿರುಗಿದ. ದುರುಗ ಕೈಮುಗಿದ. "ಮದ್ವೆನೂ ಬ್ಯಾಡಿ, ರಾಜ್ಯಾನೂ ಬ್ಯಾಡಿ ಬುದ್ಧೀ. ಒಂದೇ ಎದೆಹಾಲು ಕುಡಿದೋರು ನಾವು, ಅವ್ರು ನಂಗೆ ತಂಗಿ. ಸೆರೇಲಿರೋ ಇಬ್ರನ್ನೂ ಬಿಟ್ಬಿಡಿ. ಪಾಪ, ಅಡುಗೆಮನೆ ಕಂಡೋರಲ್ಲ."

ಅರಸ ಇಬ್ಬರನ್ನೂ ಬಿಡಿಸಿದ. ಅಣ್ಣನ ಪಾಲೆಂದು ಹೊಳೆದಂಡೆಯ ತೋಟವನ್ನು ದುರುಗನಿಗೆ ಕೊಟ್ಟ. ಚಂದಲೆ ಅದನ್ನು ನೋಡಲು ಅಲ್ಲಿರಲಿಲ್ಲ, ಕೋಟೆಬಾಗಿಲಿಗೆ ಓಡಿದ್ದಳು.

ತಲೆ ನರೆತ ಸಾತವ್ವ ಅವಳ ಗಲ್ಲ ಹಿಡಿದು ನೋಡಿದಳು. ಎಷ್ಟೋ ವರ್ಷಗಳ ಮೇಲೆ ಆಡಿದ ಮೊದಲ ಮಾತು, "ಉಂಡ್ಯಾ ಮಗಾ?"

"ಇಲ್ಲ" ಎಂದಳು ರಾಜಕುಮಾರಿ. ಸಾತವ್ವ ಅವಳ ಕೈಹಿಡಿದು ನೇರ ಅಡುಗೆಮನೆಗೆ ನಡೆದಳು. ಹಳೆಯ ಅಪ್ಪಣೆ ಬದಿಗಿಟ್ಟು ಕಾವಲಿನವರು ದಾರಿ ಬಿಟ್ಟರು.